ಮಿಟುಕಿಯ ಎಡಗಣ್ಣು

ಮಿಟುಕಿ ಎನ್ನುವುದು ಅಪ್ಪ ಅಮ್ಮ ಇಟ್ಟ ಹೆಸರಲ್ಲ. ಮೂರನೇ ತರಗತಿಯಲ್ಲಿ ಯಾವನೋ ತರಲೆ ಇಟ್ಟದ್ದು. ಅವಳು ಅವನ ಬೆನ್ನಿಗೆ ಎರಡು ಗುದ್ದಿ, ಹೆಸರನ್ನು ಮಾತ್ರ ತನಗೇ ಇರಲಿ ಎಂದು ಇಟ್ಟುಕೊಂಡಳು. ಅವಳು ಬಲಕ್ಕೆ ನೋಡಿದರೆ ಸಾಕು, ಎಡಗಣ್ಣಿನ ಗುಡ್ಡೆ ಒಳಕ್ಕೆ ಸರಿದು ರೆಪ್ಪೆ ಅರ್ಧ ಮುಚ್ಚಿಕೊಳ್ಳುತ್ತಿತ್ತು. ಎಡಕ್ಕೆ ನೋಡಿದರೋ, ಆ ಕಣ್ಣು ನಡುವಿನಲ್ಲೇ ನಿಂತುಬಿಡುತ್ತಿತ್ತು. ಜಪ್ಪಯ್ಯ ಅಂದರೂ ಆಚೆ ಹೋಗುತ್ತಿರಲಿಲ್ಲ.

ಅಮ್ಮ ಡಾಕ್ಟರ ಹತ್ತಿರ ಕರೆದುಕೊಂಡು ಹೋದಳು. ಡಾಕ್ಟರು ಪುಣ್ಯಾತ್ಮರು, ಅರ್ಥವಾಗುವ ಹಾಗೆ ಹೇಳಿದರು. "ಕಣ್ಣನ್ನ ಹೊರಗಡೆ ಎಳೆಯೋ ಸ್ನಾಯುಗೆ ಬರಬೇಕಾದ ನರ ಹೊಟ್ಟೆಯಲ್ಲಿದ್ದಾಗಲೇ ಬೆಳೆದಿಲ್ಲ. ಇನ್ನೊಂದು ನರದ ಕವಲು ಅಲ್ಲಿಗೆ ನುಗ್ಗಿದೆ. ಮೂಗಿನ ಕಡೆ ನೋಡಿದಾಗ ಎರಡು ಸ್ನಾಯುನೂ ಒಟ್ಟಿಗೆ ಎಳೆಯುತ್ತೆ, ಗುಡ್ಡೆ ಹಿಂದಕ್ಕೆ ಹೋಗುತ್ತೆ. ದೃಷ್ಟಿ ಚೆನ್ನಾಗಿದೆ. ಕತ್ತು ತೀರಾ ಓರೆಯಾದ್ರೆ ಆಪರೇಷನ್ ಮಾಡಬಹುದು, ಆದ್ರೆ ಕಣ್ಣು ಎಲ್ಲ ಕಡೆ ಓಡಾಡೋ ಹಾಗೆ ಮಾಡೋಕೆ ಆಗಲ್ಲ."

ಅಮ್ಮ ದಾರಿಯುದ್ದಕ್ಕೂ ಅತ್ತಳು. ಮಗಳಿಗೆ ರೇಗಿಹೋಯಿತು. "ಅಳೋಕೇನಾಗಿದೆ? ಕಾಣಿಸುತ್ತಲ್ಲ!" ಅಂದಳು. ಮುಂದೆ ಚಿಕ್ಕಪ್ಪ ಕಪ್ಪು ಕನ್ನಡಕ ತಂದುಕೊಟ್ಟಾಗ ಅದನ್ನು ಅವನ ಮೂಗಿನ ಮೇಲೇ ಕೂರಿಸಿ, "ನನ್ನನ್ನ ನೋಡೋಕಾಗದವರು ಹಾಕ್ಕೊಳ್ಳಲಿ" ಅಂದಳಂತೆ. ಅಂಥ ಗಟ್ಟಿಗಿತ್ತಿ.

ಇಪ್ಪತ್ತೆರಡಕ್ಕೆ ಅವಳು ಮಗ್ಗ ಕಲಿತು, ವಿದ್ಯುತ್ ಮಗ್ಗದ ಶೆಡ್ಡಿಗೆ ಸೇರಿದಳು. ನಾಲ್ಕು ಮಗ್ಗ ಅವಳ ಪಾಲಿಗೆ. ಎಡಗಡೆಯ ಎರಡಕ್ಕೆ ಕತ್ತು ತಿರುಗಿಸಬೇಕು, ಬಲಗಡೆಯ ಎರಡಕ್ಕೆ ಕಣ್ಣೇ ಸಾಕು. ಹರಿದ ಎಳೆಯನ್ನು ಅವಳು ಹಿಡಿದು ಗಂಟು ಹಾಕುವುದನ್ನು ಕಂಡು ಮೇಸ್ತ್ರಿಯೇ ಒಮ್ಮೆ ನಿಂತು ನೋಡಿದ್ದ.

ಆ ಶೆಡ್ಡಿನಲ್ಲಿ ಲಾಳಿಗಳ ಸದ್ದಿಗೆ ಪಕ್ಕದಲ್ಲಿ ಕಿರುಚಿದರೂ ಕೇಳಿಸದು. ಹತ್ತು ಗಂಟೆ ನಿಂತೇ ಇರಬೇಕೆಂದು ಮೇಸ್ತ್ರಿಯ ಕಟ್ಟಪ್ಪಣೆ. ಹೆಂಗಸರೇನು ಕಲ್ಲುಕಂಬಗಳೇ? ಮಗ್ಗದಡಿ ಒಂದೊಂದು ಸ್ಟೂಲ್ ಬಚ್ಚಿಟ್ಟುಕೊಂಡಿದ್ದರು. ಮೇಸ್ತ್ರಿ ಬಂದದ್ದನ್ನು ಮೊದಲು ಕಂಡವಳು ಎಡಗಣ್ಣು ಮುಚ್ಚಬೇಕು; ಕಣ್ಣಿಂದ ಕಣ್ಣಿಗೆ ಸುದ್ದಿ ಸಾಲು ದಾಟುತ್ತಿತ್ತು, ಸ್ಟೂಲ್‌ಗಳು ಒಳಗೆ ಸೇರುತ್ತಿದ್ದವು. ಹೊಸಬಳಿಗೆ ಇದನ್ನು ಹೇಳುವಷ್ಟು ನಂಬಿಕೆ ಇನ್ನೂ ಹುಟ್ಟಿರಲಿಲ್ಲ.

ಇನ್ನು ಕೇಳಬೇಕೆ! ಮಿಟುಕಿ ಬಲಗಡೆಯ ಮಗ್ಗ ನೋಡಿದಾಗಲೆಲ್ಲ ಆರು ಹೆಂಗಸರು ದಡಬಡಿಸಿ ಎದ್ದು ನಿಲ್ಲುತ್ತಿದ್ದರು. ಗಂಟೆಗೆ ಹತ್ತು ಸಲ, ಇಪ್ಪತ್ತು ಸಲ. ಇವರಿಗೆಲ್ಲ ಇರುವೆ ಕಚ್ಚಿತೇ ಎಂದು ಅವಳಿಗೆ ಆಶ್ಚರ್ಯ. ಮೂರು ದಿನ ಹೀಗೆ ಕುಣಿದು ಸುಸ್ತಾದವರು ನಾಲ್ಕನೇ ದಿನ ಯಾರ ಕಣ್ಣನ್ನೂ ನಂಬದೆ ಕೂತೇ ಇದ್ದರು. ಅವತ್ತು ಮೇಸ್ತ್ರಿ ನಿಜವಾಗಿಯೂ ಬಂದ. ಸಾಲಿಗೆಲ್ಲ ಹಿರಿಯಳಾದ ದೊಡ್ಡಕ್ಕ ಸ್ಟೂಲಿನ ಮೇಲೆ ಕಾಲು ನೀವಿಕೊಳ್ಳುತ್ತ ಸಿಕ್ಕಿಬಿದ್ದಳು. ಉಳಿದವರು ತಮ್ಮ ಸ್ಟೂಲ್ ಹೇಗೋ ಒಳಗೆ ತಳ್ಳಿದರು, ಅವಳದು ಮಾತ್ರ ಮೇಸ್ತ್ರಿಯ ಪಾಲಾಯಿತು.

"ನಮ್ಮ ಜೊತೆ ಆಟ ಆಡ್ತೀಯಾ?" ಎಂದು ದೊಡ್ಡಕ್ಕ ನೀರಿನ ನಲ್ಲಿಯ ಹತ್ತಿರ ಅವಳ ಮೇಲೆ ಎಗರಿಬಿದ್ದಳು. ಸನ್ನೆಯ ವಿಷಯ ಮಿಟುಕಿಗೆ ತಿಳಿದದ್ದೇ ಆಗ. ಅವಳಿಗೆ ನಗು ಬಂತು. ಕಣ್ಣಿನ ಕಥೆಯನ್ನೆಲ್ಲ ಹೇಳಿ, "ನಿಮ್ಮ ಸನ್ನೆ ಬದಲಾಯಿಸ್ಕೊಳ್ಳಿ ಅಷ್ಟೇ" ಅಂದಳು.

"ಹದಿನೆಂಟು ವರ್ಷದ ಸನ್ನೆ ನಿನಗೋಸ್ಕರ ಬದಲಾಯಿಸ್ಬೇಕಾ? ನೀನೇ ಬೇರೆ ಕಡೆ ಹೋಗು."

ಮಾರನೇ ದಿನ ದೊಡ್ಡಕ್ಕ ಮೇಸ್ತ್ರಿಗೆ ದೂರು ಕೊಟ್ಟಳು. ನಿಜವಾದ ಕಾರಣ ಹೇಳಿದರೆ ಸನ್ನೆಯೂ ಹೋಯಿತು, ಉಳಿದ ಸ್ಟೂಲ್‌ಗಳೂ ಹೋದವು. ಅದಕ್ಕೆ ಬಾಯಿಗೆ ಬಂದದ್ದು ಹೇಳಿದಳು: "ರಿಪೇರಿಗೆ ಬರೋ ಗಂಡಸರಿಗೆಲ್ಲ ಕಣ್ಣು ಹೊಡೀತಾಳೆ ಸಾರ್." ಉಳಿದ ಐವರು ಹೂಂಗುಟ್ಟಿದರು.

ಮಿಟುಕಿಗೆ ಮೈಯೆಲ್ಲ ಬೆಂಕಿ ಬಿದ್ದಂತಾಯಿತು. ಶಾಲೆಯಲ್ಲಿ ಆಡಿಕೊಂಡರೆ ಗುದ್ದಬಹುದಿತ್ತು. ಇದು ಮಾನದ ಪ್ರಶ್ನೆ. ಅವಳು ಮೇಸ್ತ್ರಿಯ ಮೇಜಿನ ಮುಂದೆ ಹೋಗಿ ನಿಂತಳು.

"ನನ್ನ ಮುಖ ನೋಡ್ತಿರಿ ಸಾರ್. ಬಲಗೋಡೆ ಮೇಲಿನ ಗಡಿಯಾರ ನೋಡ್ತೀನಿ." ನೋಡಿದಳು. ಕಣ್ಣು ಒಳಕ್ಕೆ ಸರಿಯಿತು, ರೆಪ್ಪೆ ಇಳಿಯಿತು. "ಈಗ ಹೇಳಿ, ಗಡಿಯಾರಕ್ಕೆ ಕಣ್ಣು ಹೊಡೆದ್ನಾ?"

ಮೇಸ್ತ್ರಿ ತಬ್ಬಿಬ್ಬಾದ. ಆದರೂ ಮೇಸ್ತ್ರಿಯಲ್ಲವೇ, ಸುಮ್ಮನಾಗುತ್ತಾನೆಯೇ? "ಸರಿ, ಹುಟ್ಟಿನಿಂದ ಬಂದಿದ್ದು ಅಂತಾನೇ ಇಟ್ಕೊಳ್ಳೋಣ. ಆರು ಜನ ಸುಮ್ಮಸುಮ್ಮನೆ ದೂರು ಕೊಡ್ತಾರಾ? ನಿನ್ನ ಕಣ್ಣಿಂದ ಅವರಿಗೇನು ತೊಂದರೆ? ಕಾರಣ ಹೇಳು. ಇಲ್ಲಾಂದ್ರೆ ನಾಳೆಯಿಂದ ಬಟ್ಟೆ ಮಡಚೋ ಕೋಣೆಗೆ ನಡಿ."

ಮಡಚುವ ಕೋಣೆಗೆ ಹೋದವರು ಮತ್ತೆ ಮಗ್ಗ ಮುಟ್ಟಿದ್ದಿಲ್ಲ. ಸನ್ನೆಯ ಬಗ್ಗೆ ಒಂದು ಮಾತು ಸಾಕಿತ್ತು, ಅವಳ ಮಗ್ಗ, ಮಾನ ಎರಡೂ ಉಳಿಯುತ್ತಿದ್ದವು. ದೊಡ್ಡಕ್ಕ ಬಾಗಿಲಲ್ಲೇ ನಿಂತಿದ್ದಳು. ಅವಳ ಊದಿದ ಪಾದಗಳು ಮಿಟುಕಿಗೆ ಕಂಡವು, ಸಿಟ್ಟೇನೂ ಇಳಿಯಲಿಲ್ಲ.

"ಕಾರಣ ಅವರನ್ನೇ ಕೇಳಿ ಸಾರ್. ನಾನಂತೂ ಹೋಗಲ್ಲ. ನಾಳೆನೂ ನನ್ನ ಮಗ್ಗದ ಮುಂದೇನೇ ಇರ್ತೀನಿ. ಬೇಕಾದ್ರೆ ಎತ್ತಿ ಹಾಕಿಸಿ."

ಊಟದ ಹೊತ್ತಿಗೆ ದೊಡ್ಡಕ್ಕ ಮೆಲ್ಲಗೆ ಬಂದು ಪಕ್ಕದಲ್ಲಿ ಕೂತಳು. "ಯಾಕೆ ಬಾಯಿಬಿಡಲಿಲ್ಲ?"

"ನೀವು ಮಾಡಿದ್ದನ್ನೇ ನಾನೂ ಮಾಡ್ಲಾ?"

"ತಪ್ಪಾಯ್ತು ಕಣಮ್ಮ. ಆಡಬಾರದ ಮಾತು ಆಡ್ಬಿಟ್ಟೆ. ಸನ್ನೆ ಬದಲಾಯಿಸ್ತೀವಿ ಬಿಡು."

"ಅದು ಆಮೇಲೆ. ಮೇಸ್ತ್ರಿ ಮುಂದೆ ಆಡಿದ ಮಾತನ್ನ ನನ್ನ ಕಿವೀಲಿ ವಾಪಸ್ ತಗೊಂಡ್ರೆ ಆಗಲ್ಲ ದೊಡ್ಡಕ್ಕ. ಅಲ್ಲೇ ತಗೊಳ್ಳಿ."

ದೊಡ್ಡಕ್ಕ ಊಟದ ಡಬ್ಬಿ ಮುಚ್ಚಿ ಎದ್ದಳು. ಮಧ್ಯಾಹ್ನದ ಪಾಳಿ ಶುರುವಾಗಿ ಸ್ವಲ್ಪ ಹೊತ್ತಿಗೆ ತನ್ನ ನಾಲ್ಕೂ ಮಗ್ಗ ನಿಲ್ಲಿಸಿದಳು. ಅವಳನ್ನು ಕಂಡು ಉಳಿದ ಐವರೂ ನಿಲ್ಲಿಸಿದರು. ಶೆಡ್ಡಿನ ಆ ಮಗ್ಗುಲು ಇದ್ದಕ್ಕಿದ್ದಂತೆ ತಣ್ಣಗಾದದ್ದಕ್ಕೆ ಮೇಸ್ತ್ರಿ ಓಡಿಬಂದ.

"ಏನಾಯ್ತು? ಕರೆಂಟ್ ಹೋಯ್ತಾ?"

"ಇಲ್ಲ ಸಾರ್. ಬೆಳಿಗ್ಗೆ ನಾನು ಹೇಳಿದ್ದು ಹಸಿ ಸುಳ್ಳು. ಈ ಹುಡುಗಿ ಯಾರಿಗೂ ಕಣ್ಣು ಹೊಡೆದಿಲ್ಲ."

"ಮತ್ತೆ ಯಾಕೆ ಹೇಳ್ದೆ?"

"ನನ್ನ ಕೊಬ್ಬು ಸಾರ್" ಅಂದಳು ದೊಡ್ಡಕ್ಕ, ತಲೆ ತಗ್ಗಿಸಿ.

ಮಿಟುಕಿ ಸೊಂಟದ ಮೇಲೆ ಕೈಯಿಟ್ಟುಕೊಂಡು ನಿಂತಿದ್ದಳು. "ಜೋರಾಗಿ ಹೇಳಿ ದೊಡ್ಡಕ್ಕ, ಕೊನೇ ಮಗ್ಗದವರಿಗೆ ಕೇಳಿಸ್ಲಿಲ್ಲ."

ದೊಡ್ಡಕ್ಕ ತಲೆಯೆತ್ತಿ, ಗಂಟಲು ಸರಿಮಾಡಿಕೊಂಡು, ಮೊದಲಿನಿಂದ ಮತ್ತೆ ಹೇಳಿದಳು, ಈ ಸಲ ಕೂಗಿ.