ಹಿಗ್ಗದ ಹೊಟ್ಟೆಯ ಎರಡು ಚಿತ್ರ

ಕುಮಾರಸ್ವಾಮಿ ಲೇಔಟಿನಲ್ಲಿ ಬ್ಲೌಸ್ ಹೊಲಿಯುವ ಸರ್ವಮಂಗಳಾ ಅವರಿಗೆ ನಲವತ್ತಮೂರು ವರ್ಷ. ನಾಲ್ಕು ತುತ್ತು ಉಂಡರೆ ಹೊಟ್ಟೆ ಬಿಗಿಯುತ್ತದೆ, ಐದನೆಯದು ಇಳಿಯುವುದಿಲ್ಲ. ಅನ್ನವನ್ನು ಪ್ರಸಾದವೆನ್ನುವ ಮನೆ ಅದು. ತಟ್ಟೆಯಲ್ಲಿ ಒಂದು ಅಗುಳು ಬಿಡುವಂತಿಲ್ಲ. ಅವರು ದಿನವೂ ಬಿಡುತ್ತಿದ್ದರು.

ಎರಡು ವರ್ಷದ ಹಿಂದೆ ಶ್ರೀನಗರದಲ್ಲಿ ನಾದಿನಿಯ ಮಗಳ ನಿಶ್ಚಿತಾರ್ಥ. ಊಟದ ನಡುವೆ ಅತ್ತೆ ಉಮಾಮಹೇಶ್ವರಿ ಸೊಸೆಯ ಎಲೆಯನ್ನು ಅನ್ನದ ಸಮೇತ ಎತ್ತಿ ಪಂಕ್ತಿಗೆಲ್ಲ ತೋರಿಸಿದರು.

"ನೋಡಿ, ಪ್ರಸಾದ ಚೆಲ್ಲೋಳು. ಇಲ್ಲಿ ಹೊಟ್ಟೆನೋವಿನ ನಾಟಕ, ಮನೇಲಿ ಕದ್ದು ತಿಂತಾಳೆ."

ನೆಂಟರು ನಕ್ಕರು. ಗಂಡ ವಿಜಯಕುಮಾರ್ ತಲೆ ತಗ್ಗಿಸಿ ಪಾಯಸ ಮುಗಿಸಿದರು.

ಆ ಮಾತನ್ನು ಅದೇ ಬಾಯಿಂದ, ಅದೇ ಜನರ ಮುಂದೆ ವಾಪಸ್ ತೆಗೆಸಬೇಕೆಂದು ಸರ್ವಮಂಗಳಾ ಅಂದೇ ನಿಶ್ಚಯಿಸಿದರು. "ಕ್ಷಮಿಸೋ ಯೋಚನೆ ಆಗ್ಲೂ ಇರ್ಲಿಲ್ಲ, ಈಗ್ಲೂ ಇಲ್ಲ" ಎನ್ನುತ್ತಾರೆ, ದಾರ ಕಚ್ಚಿ ತುಂಡರಿಸುತ್ತ.

ಎರಡು ಸಲ ಗಂಟಲಿಗೆ ನಳಿಕೆ ಇಳಿಸಿ ನೋಡಿದ ವೈದ್ಯರು ಹುಣ್ಣಿಲ್ಲ ಎಂದಿದ್ದರು. ಇದೆಲ್ಲ ನಾಟಕ ಎನ್ನಲು ಅತ್ತೆಗೆ ಅದೂ ಸಾಕ್ಷಿಯಾಯಿತು. ಕಳೆದ ಜನವರಿಯಲ್ಲಿ ಜಯನಗರದ ಆಸ್ಪತ್ರೆಯೊಂದರಲ್ಲಿ ಬೇರೆ ಪರೀಕ್ಷೆ ನಡೆಯಿತು. ನಳಿಕೆಯಿಲ್ಲ, ಕೊಯ್ಯುವುದಿಲ್ಲ. ಖಾಲಿ ಹೊಟ್ಟೆಯ ಎಂಆರ್‌ಐ ಚಿತ್ರ, ದೊಡ್ಡ ಲೋಟದಲ್ಲಿ ಗಟ್ಟಿ ಪಾನೀಯ, ಮತ್ತೆ ಚಿತ್ರ. ಆಹಾರ ಬಿದ್ದಾಗ ಹೊಟ್ಟೆಯ ಮೇಲ್ಭಾಗ ಸಡಿಲಗೊಂಡು ಜಾಗ ಕೊಡಬೇಕು. ಅವರದು ಕುಡಿದ ಮೇಲೂ ಹೆಚ್ಚುಕಡಿಮೆ ಮೊದಲಿನಷ್ಟೇ ಇತ್ತು. "ಬಿಚ್ಚಿ ದೊಡ್ಡದು ಮಾಡೋಣ ಅಂದ್ರೆ ಒಳಗೆ ಬಟ್ಟೆನೇ ಬಿಡದ ಬ್ಲೌಸು" ಎಂದು ಅವರೇ ವಿವರಿಸುತ್ತಾರೆ.

ಶಿವರಾತ್ರಿಯ ಮರುದಿನ ಶ್ರೀನಗರದ ನೆಂಟರನ್ನೆಲ್ಲ ಊಟಕ್ಕೆ ಕರೆದರು. ಎಲ್ಲರೂ ಕೂತ ಮೇಲೆ ಎರಡು ಚಿತ್ರಗಳನ್ನು ಅತ್ತೆಯ ಮುಂದಿಟ್ಟರು.

ಉಮಾಮಹೇಶ್ವರಿ ಕನ್ನಡಕ ಏರಿಸಿ ನೋಡಿದರು. "ಎರಡೂ ಒಂದೇ ಥರ ಇದೆಯಲ್ಲೇ. ಕುಡಿದ್ರೆ ತಾನೆ ಹೊಟ್ಟೆ ಉಬ್ಬೋದು? ಸಿಂಕಿಗೆ ಸುರಿದಿರ್ತೀಯ."

ಯಾರೋ ಕಿಸಕ್ಕನೆ ನಕ್ಕರು.

ಸರ್ವಮಂಗಳಾ ಈ ಮಾತಿಗೇ ಕಾದಿದ್ದರು. ವರದಿಯ ಹಾಳೆಯನ್ನು ಗಂಡನ ಚಿಕ್ಕಪ್ಪ, ನಿವೃತ್ತ ಮೇಷ್ಟ್ರು ಪರಮಶಿವಯ್ಯನವರ ಕೈಗಿಟ್ಟರು. "ಮೂರನೇ ಸಾಲು ಓದಿ ಮಾವ. ಕನ್ನಡದಲ್ಲಿ."

ಅವರು ನಿಧಾನವಾಗಿ ಓದಿದರು. "ಮುನ್ನೂರು ಎಂಎಲ್. ಸಿಬ್ಬಂದಿ ಎದುರಲ್ಲೇ ಐದು ನಿಮಿಷದಲ್ಲಿ ಪೂರ್ತಿ ಕುಡಿದಿದ್ದಾರೆ." ಹಾಳೆ ಮಡಿಸಿದರು. "ತಪ್ಪು ನಿಮ್ಮದೇ ಅತ್ತಿಗೆ. ಎಲ್ರೂ ಇದ್ದಾರೆ, ಹೇಳ್ಬಿಡಿ."

ಅತ್ತೆ ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿದರು. "ನಾಟಕ ಅಲ್ವಂತೆ, ಕಾಯಿಲೆನೇ ಅಂತೆ."

"ಅಂತೆ ಬೇಡ ಅತ್ತೆ."

"...ಕಾಯಿಲೆನೇ. ನಾನು ಅಂದಿದ್ದು ಸುಳ್ಳು."

ಸರ್ವಮಂಗಳಾ ಅಷ್ಟಕ್ಕೆ ನಿಲ್ಲಿಸಲಿಲ್ಲ. ಚಿತ್ರಗಳೆರಡೂ ಈಗ ಊಟದ ಮೇಜಿನ ಎದುರು ಗೋಡೆಯಲ್ಲಿವೆ, ಗಾಜಿನ ಚೌಕಟ್ಟಿನಲ್ಲಿ. ಬಂದವರು ಏನಿದು ಎಂದು ಕೇಳಿಯೇ ಕೇಳುತ್ತಾರೆ. ಸರ್ವಮಂಗಳಾ ಉತ್ತರಿಸುವುದಿಲ್ಲ. "ನೀವೇ ಹೇಳಿ ಅತ್ತೆ" ಎಂದು ಬಡಿಸಲು ಹೋಗುತ್ತಾರೆ. ಮೊನ್ನೆ ಗ್ಯಾಸ್ ಸಿಲಿಂಡರ್ ತಂದವನಿಗೂ ಉಮಾಮಹೇಶ್ವರಿ ಮೊದಲಿನಿಂದ ಹೇಳಬೇಕಾಯಿತು.