ಸೈನ್ಯವಿಲ್ಲದ ದೇಶದ ಪರವಾಗಿ ಒಂದು ಭಾಷಣ

೧೯೮೮ರ ಡಿಸೆಂಬರ್‌ನಲ್ಲಿ ನಾನು ವಿಜಯನಗರದ ಒಂದು ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನದ ಟೀಚರ್. ಅಂತರಶಾಲಾ ಚರ್ಚಾಸ್ಪರ್ಧೆಗೆ ಮಕ್ಕಳನ್ನು ತಯಾರು ಮಾಡುವ ಕೆಲಸವೂ ನನ್ನದೇ. ಪರವೋ ವಿರೋಧವೋ ಎಂಬುದು ಚೀಟಿ ಎತ್ತಿ ತೀರ್ಮಾನವಾಗುತ್ತಿತ್ತು. ಭಾಷಣ ಟೀಚರ್ ಬರೆಯುತ್ತಿದ್ದರು, ಮಗು ಬಾಯಿಪಾಠ ಮಾಡುತ್ತಿತ್ತು. ಇದಕ್ಕೆ ವಿಚಾರಶಕ್ತಿ ಬೆಳೆಸುವುದು ಎಂದು ಹೆಸರು.

ಆ ವರ್ಷದ ವಿಷಯ, ‘ಸಣ್ಣ ದೇಶಗಳಿಗೆ ಸೈನ್ಯ ಬೇಕಿಲ್ಲ’. ನಮಗೆ ಬಂದದ್ದು ಪರ. ನಲವತ್ತು ವರ್ಷದಿಂದ ಸೈನ್ಯವಿಲ್ಲದೆ ಬದುಕಿರುವ ಕೋಸ್ಟರಿಕಾ ಎಂಬ ಪುಟ್ಟ ದೇಶದ ಬಗ್ಗೆ ಬರೆದೆ. ಹೆಡ್‌ಮಾಸ್ಟರ್ ಓದಿ ಮೂಗು ಮುರಿದರು.

“ಅದ್ಯಾವ ದೇಶವೋ, ಯಾರಿಗ್ರೀ ಗೊತ್ತು? ಮಾಲ್ಡೀವ್ಸ್ ಹಾಕಿ ಮಿಸ್. ಮೊನ್ನೆ ಬಂದೂಕಿನವರು ನುಗ್ಗಿದ್ರು, ಅಲ್ಲಿನ ಸರ್ಕಾರದವರು ಒಂದ್ ಫೋನ್ ಮಾಡಿದ್ರು, ರಾತ್ರೋರಾತ್ರಿ ನಮ್ಮ ಸೈನ್ಯ ಹೋಗಿ ಇಳೀತು. ಅವರಿಗ್ಯಾಕೆ ಸೈನ್ಯ?”

ನನ್ನ ತಮ್ಮ ಸಿಪಾಯಿ. ಹಿಂದಿನ ವರ್ಷ ಶಾಂತಿ ಕಾಪಾಡಲೆಂದು ಅವನನ್ನು ಶ್ರೀಲಂಕಾಕ್ಕೆ ಕಳಿಸಿದ್ದರು, ಅಲ್ಲೇ ಸತ್ತ. ಶಾಲೆಯಲ್ಲಿ ಮೌನಾಚರಣೆ ಮಾಡಿಸಿದ್ದು ಇದೇ ಹೆಡ್‌ಮಾಸ್ಟರ್. ನಾನು ಪೆನ್ನು ಮುಟ್ಟಲಿಲ್ಲ. ಮಾಲ್ಡೀವ್ಸ್ ಸಾಲನ್ನು ಅವರೇ ಸೇರಿಸಿದರು.

ಸ್ಪರ್ಧೆ ನಡೆದದ್ದು ರಾಜಾಜಿನಗರದಲ್ಲಿ. ಒಂಬತ್ತನೇ ಕ್ಲಾಸಿನ ವನಜಾ ತಪ್ಪಿಲ್ಲದೆ ಒಪ್ಪಿಸಿದಳು. ಚಪ್ಪಾಳೆ ಬಿದ್ದದ್ದು ಮಾಲ್ಡೀವ್ಸ್ ಸಾಲಿಗೇ. ತೀರ್ಪುಗಾರರು ರಿಟೈರ್ಡ್ ಪ್ರೊಫೆಸರು, ಯುದ್ಧವನ್ನು ಕಾಫಿಯ ಜೊತೆ ಪೇಪರಿನಲ್ಲಿ ಓದಿದವರು.

“ಭೇಷ್. ಪಕ್ಕದ ದೇಶದವರು ಕಳಿಸದೇ ಹೋದ್ರೆ ಏನಮ್ಮಾ ಗತಿ?”

ಇದಕ್ಕೆ ಉತ್ತರವನ್ನು ಯಾರೂ ಬರೆದುಕೊಟ್ಟಿರಲಿಲ್ಲ.

“ಕಳಿಸ್ತಾರೆ ಸಾರ್. ನಮ್ಮ ಮಿಸ್ ತಮ್ಮನ್ನೂ ಶ್ರೀಲಂಕಾಗೆ ಕಳಿಸಿದ್ರು. ಅವರು ವಾಪಸ್ ಬರ್ಲಿಲ್ಲ.”

ಪ್ರೊಫೆಸರ್ ಕನ್ನಡಕ ತೆಗೆದು ಒರೆಸಿದರು. ಮನಸ್ಸು ಕರಗಿತೇನೋ ಅಂದುಕೊಂಡೆ.

“ಶ್ರೀಲಂಕಾಗೆ ತನ್ನದೇ ಸೈನ್ಯ ಇದೆಯಲ್ಲಮ್ಮ. ಅದು ಈ ವಿಷಯಕ್ಕೆ ಬರಲ್ಲ” ಎಂದು ಅಂಕ ಕಳೆದರು.

ಷೀಲ್ಡು ಬೇರೆ ಶಾಲೆಯ ಪಾಲಾಯಿತು. ಬಸ್‌ಸ್ಟಾಪಿನಲ್ಲಿ ಹೆಡ್‌ಮಾಸ್ಟರ್ ವನಜಾಳನ್ನು ತರಾಟೆಗೆ ತೆಗೆದುಕೊಂಡರು. “ಯಾರೇ ನಿಂಗೆ ಅದನ್ನ ಹೇಳು ಅಂದಿದ್ದು?”

“ಯಾರೂ ಹೇಳಿಕೊಡ್ಲಿಲ್ಲ ಸಾರ್” ಎಂದೆ. “ಇವತ್ತು ಅಲ್ಲಿ ಸ್ವಂತ ಮಾತು ಆಡಿದ್ದು ಇವಳೊಬ್ಬಳೇ.”

ಅವರು ಮುಂದಿನ ಬಸ್ಸಿಗೆ ಬರ್ತೀನಿ ಅಂದರು.

ಸೈನ್ಯವಿಲ್ಲದೆ ಸಣ್ಣ ದೇಶ ಬದುಕಬಹುದೇ? ಕೋಸ್ಟರಿಕಾ ಬದುಕಿದೆ, ಅದಕ್ಕೆ ನನ್ನ ನಮಸ್ಕಾರ. ಉಳಿದವರದು ಇನ್ನೊಬ್ಬರ ಮನೆಯ ಹುಡುಗನನ್ನು ನಂಬಿದ ನೆಮ್ಮದಿ. ಅದಕ್ಕೆ ಚಪ್ಪಾಳೆ ತಟ್ಟುವವರು ಎಲ್ಲ ಊರಲ್ಲೂ ಸಿಗುತ್ತಾರೆ. ‘ಸೈನ್ಯ ಕಳಿಸುತ್ತಾರೆ’ ಎಂದು ಯಾರಾದರೂ ಸಲೀಸಾಗಿ ಅಂದರೆ, ಯಾರನ್ನು ಎಂದು ಕೇಳುವುದನ್ನು ಆ ಸ್ಪರ್ಧೆ ನನಗೆ ಕಲಿಸಿತು. ನಮ್ಮ ಮನೆಯಿಂದ ಕಳಿಸಿದ್ದು ಮಂಜುನಾಥನನ್ನು. ಅವನಿಗೆ ಇಪ್ಪತ್ತನಾಲ್ಕು.