ಹಾಸಿಗೆಯಡಿಯ ಪುಸ್ತಕಗಳು

ಅಂಗಡಿ ಮುಂದೆ ನೀರು ಹಾಕಿ ರಂಗೋಲಿ ಇಟ್ಟೆ. ನೋಟ್‌ಬುಕ್ಕುಗಳ ಧೂಳು ಹೊಡೆದೆ. ಪೆನ್ನುಗಳನ್ನು ಗೀಚಿ ನೋಡಿ, ಬರೆಯದವನ್ನು ಬೇರೆ ಇಟ್ಟೆ. ಮಧ್ಯಾಹ್ನ ಮನೆಗೆ ಹೋಗಿ ಒಣಗಿದ ಬಟ್ಟೆ ಒಳಗೆ ತಂದೆ, ಹಿಟ್ಟು ಜರಡಿ ಹಿಡಿದೆ, ಮತ್ತೆ ಬಂದು ಶಟರ್ ಎತ್ತಿದೆ. ಅಲ್ಲಿಯವರೆಗೆ ಒಂದು ರಬ್ಬರೂ ಹೋಗಿರಲಿಲ್ಲ.

ಪಟ್ಟಂದೂರು ಅಗ್ರಹಾರದಲ್ಲಿ ನಾನು ಸ್ಟೇಷನರಿ ಅಂಗಡಿ ಇಟ್ಟ ಮೇಲೆ ಬಂದ ಮೊದಲ ಜೂನ್ ಅದು. ನಾನು ಸೊಲ್ಲಾಪುರದವಳು. ಅಲ್ಲಿ ಶಾಲೆ ಶುರುವಾಗುವ ವಾರ ಇಂಥ ಅಂಗಡಿಯಲ್ಲಿ ಕಾಲಿಡಲು ಜಾಗ ಇರುವುದಿಲ್ಲ. ಇಲ್ಲೂ ಹಾಗೇ ಎಂದುಕೊಂಡು ಗೋಡೆಯುದ್ದಕ್ಕೂ ನೋಟ್‌ಬುಕ್ಕು ಪೇರಿಸಿದ್ದೆ. ಇಲ್ಲಿನ ಶಾಲೆಗಳು ತಮ್ಮ ಹೆಸರು ಅಚ್ಚು ಹಾಕಿಸಿ, ತಾವೇ ಕಟ್ಟು ಕಟ್ಟಾಗಿ ಕೊಡುತ್ತವಂತೆ. ಯಾರನ್ನಾದರೂ ಕೇಳಬೇಕಿತ್ತು.

ಮಳಿಗೆಯ ಓನರ್ ಅಮ್ಮ ಪಕ್ಕದ ಮೆಟ್ಟಿಲ ಮೇಲೆ ಸೊಪ್ಪು ಬಿಡಿಸುತ್ತಿದ್ದರು. "ಈ ತಿಂಗ್ಳು ನೋಡವ್ವ. ಆಗ್ಲಿಲ್ಲ ಅಂದ್ರೆ ಮಳಿಗೆ ಬಿಟ್ಬುಡು. ಬಿರಿಯಾನಿಯೋನು ದಿನಾ ಬಂದು ಕೇಳ್ತಾವ್ನೆ."

ಸಂಜೆ, ಕೊರಳಲ್ಲಿ ಆಫೀಸಿನ ಕಾರ್ಡು ನೇತಾಡುತ್ತಿದ್ದ ಹೆಂಗಸೊಬ್ಬರು ಸ್ಕೂಟರಿನಿಂದ ಪುಸ್ತಕದ ಕಟ್ಟು ಇಳಿಸಿ, ಬೈಂಡ್ ಶೀಟ್ ಕೇಳಿದರು. ಕಂದು ಕಾಗದದ ಸುರುಳಿ ಕೈಗೆ ಬಂದದ್ದೇ ಮುಖ ಸಪ್ಪಗಾಯಿತು.

"ಮನೆಗೋದ್ರೆ ಇನ್ನೊಂದು ಮೀಟಿಂಗ್ ಇದೆ. ನೀವೇ ಬೈಂಡ್ ಹಾಕ್ಕೊಡ್ತೀರಾ ಅಕ್ಕ? ಬೆಳಿಗ್ಗೆ ಸ್ಕೂಲಿಗೆ ಬೇಕು. ಚೆನ್ನಾಗಿದ್ರೆ ನಮ್ ಅಪಾರ್ಟ್‌ಮೆಂಟ್ ಗ್ರೂಪಲ್ಲಿ ಹಾಕ್ತೀನಿ, ಎಲ್ಲರದೂ ಇದೇ ಗೋಳು."

"ಹಾಕಿಡ್ತೀನ್ರೀ, ಬಿಟ್ಟು ಹೋಗ್ರಿ," ಎಂದೆ.

ಸ್ಕೂಟರ್ ತಿರುವು ದಾಟಿದ ಮೇಲೆ ಓನರ್ ಅಮ್ಮ ಕೇಳಿದರು: "ಪೋನ್ ನಂಬ್ರು ಇಸ್ಕಂಡ್ಯಾ?"

ಇಲ್ಲ.

"ಚೆಂದಾಗೈತೆ ನಿನ್ ಯಾಪಾರ!"

ಕಟ್ಟನ್ನು ಮನೆಗೆ ತಂದು ಬೈಂಡ್ ಹಾಕಲು ಕೂತೆ. ನಮ್ಮಲ್ಲಿ ಗಮ್ ಟೇಪು ಮುಟ್ಟುವುದಿಲ್ಲ, ಮಡಿಕೆಯಲ್ಲೇ ನಿಲ್ಲಬೇಕು. ಡ್ರಾಯಿಂಗ್ ಪುಸ್ತಕದ ಹೊದಿಕೆ ಮೂಲೆಯಲ್ಲಿ ಎರಡು ಸಲ ಹರಿಯಿತು. ಯಾರದೋ ಮಗುವಿನ ಪುಸ್ತಕ ಎಂದು ಎರಡು ಸಲವೂ ಹೊಸ ಹಾಳೆ ಕತ್ತರಿಸಿದೆ. ಎಲ್ಲ ಮುಗಿದ ಮೇಲೆ, ಅವ್ವ ಮಾಡುತ್ತಿದ್ದಂತೆ, ಪುಸ್ತಕಗಳನ್ನು ಹಾಸಿಗೆಯ ಕೆಳಗೆ ಸಾಲಾಗಿ ಇಟ್ಟೆ. ಮೇಲೆ ಮಲಗಿದರೆ ಬೆಳಗಾಗುವಷ್ಟರಲ್ಲಿ ಮಡಿಕೆ ಕೂರುತ್ತದೆ.

"ಹೊರಳಾಡಬ್ಯಾಡ್ರಿ," ಎಂದು ಮನೆಯವರಿಗೆ ಹೇಳಿದೆ.

"ಗಣಿತ ಯಾವ ಕಡೆ ಐತಿ? ಅದರ ಮ್ಯಾಲ ನೀನ ಮಲಕೋ."

ಜೋಳದ ರೊಟ್ಟಿ, ಶೇಂಗಾ ಚಟ್ನಿ, ಮಧ್ಯಾಹ್ನದ ಸಾರು ಉಂಡೆವು. ಅವರಿಗೇ ಮೊದಲು ನಿದ್ದೆ ಬಂತು, ಹೇಳಿದಂತೆ ಅಂಗಾತ. ಅವರು ಕಾಲು ಆಡಿಸಿದಾಗಲೆಲ್ಲ ಕೆಳಗೆ ಕಾಗದ ಸರ್ರೆನ್ನುತ್ತಿತ್ತು, ನಾನು ಎದ್ದು ಕೂರುತ್ತಿದ್ದೆ.